ದೊರೆಯದ ದಾಖಲೆ: ವೆಬ್ ಕ್ರಮವಿಧಿಗಳಲ್ಲಿ ಅಭಾವದ ವಿಚಾರ

ಬೆಂಗಳೂರಿನ ಹನುಮಂತನಗರದಲ್ಲಿ ಒಬ್ಬ ಗೃಹಸ್ಥರಿಗೆ ತಂದೆಯಿಂದ ಬಂದ ಮನೆಯೊಂದಿದೆಯೆಂದು ಭಾವಿಸೋಣ. ಪೆಟ್ಟಿಗೆಯಲ್ಲಿ ಹಳೆಯ ಕಂದಾಯದ ರಸೀತಿಗಳಿವೆ; ಅವುಗಳ ಮೇಲೆ ಸ್ವತ್ತಿನ ಗುರುತಿನ ಸಂಖ್ಯೆ ಅಚ್ಚಾಗಿದೆ. ಆ ಸಂಖ್ಯೆಯನ್ನು ಅವರು ಒಂದು ಜಾಲತಾಣದಲ್ಲಿ ನಮೂದಿಸಿ ಗುಂಡಿಯನ್ನೊತ್ತಿದಾಗ ತೆರೆಯ ಮೇಲೆ 'ದಾಖಲೆ ಇಲ್ಲ' ಎಂಬೆರಡು ಪದಗಳು ಮೂಡುತ್ತವೆ. ಮನೆ ಇದೆ, ರಸೀತಿಯೂ ಇದೆ, ಇಲ್ಲದಿರುವುದು ಯಾವುದು? ಅಂಥ ಸ್ವತ್ತು ಎಂದೂ ದಾಖಲಾಗಿರಲಿಲ್ಲವೆಂದು ಅರ್ಥವೆ? ದಾಖಲೆ ಬೇರೊಂದು ಸಂಖ್ಯೆಯಡಿಯಲ್ಲಿ ಇದೆಯೆಂದೆ? ಇದ್ದುದನ್ನು ತೆಗೆದುಹಾಕಲಾಗಿದೆಯೆಂದೆ? ಇದೆ, ಆದರೆ ತಮಗೆ ತೋರಿಸುವಂತಿಲ್ಲವೆಂದೆ? ಅಥವಾ ದಾಖಲೆಗಳನ್ನಿಟ್ಟಿರುವ ಯಂತ್ರವೇ ಆ ಕ್ಷಣದಲ್ಲಿ ಮಾತಿಗೆ ಸಿಗಲಿಲ್ಲವೆಂದೆ? ಈ ಐದೂ ಸಂಗತಿಗಳು ಒಂದಕ್ಕೊಂದು ದೂರವಾದವು. ಆದರೂ ಅನೇಕ ಕ್ರಮವಿಧಿಗಳು, ಎಂದರೆ ಪ್ರೋಗ್ರಾಮುಗಳು, ಐದಕ್ಕೂ ಒಂದೇ ಉತ್ತರವನ್ನು ಕೊಡುತ್ತವೆ. ಹಾಗೇಕೆ ಆಗುತ್ತದೆ, ಅದನ್ನು ಹೇಗೆ ತಪ್ಪಿಸಬಹುದು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಉದಾಹರಣೆಯನ್ನು ಹನುಮಂತನಗರದಿಂದ ಆರಿಸಿಕೊಂಡುದಕ್ಕೆ ಕಾರಣವುಂಟು. ಬೆಂಗಳೂರಿನ ಸ್ವತ್ತುಗಳಿಗೆ ಕೊಟ್ಟಿದ್ದ ಪಿ.ಐ.ಡಿ. ಎಂಬ ಗುರುತಿನ ಸಂಖ್ಯೆಯು ವಾರ್ಡು, ರಸ್ತೆ, ನಿವೇಶನ ಎಂಬ ಮೂರು ಸಂಖ್ಯೆಗಳ ಜೋಡಣೆ. ನಗರದಲ್ಲಿ ಬಹುಕಾಲ ನೂರು ವಾರ್ಡುಗಳಿದ್ದುವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದ ಬಳಿಕ, 2010ರ ಚುನಾವಣೆಗೆ ಆಧಾರವಾದ 198 ವಾರ್ಡುಗಳ ಪಟ್ಟಿಯಲ್ಲಿ ಹನುಮಂತನಗರವು 155ನೆಯದಾಯಿತು; ನೂರು ವಾರ್ಡುಗಳ ಕಾಲದಲ್ಲಿ ಅಂಥ ಸಂಖ್ಯೆಯೇ ಇರಲು ಸಾಧ್ಯವಿರಲಿಲ್ಲ. ಮುಂದೆ 2022ರಲ್ಲಿ 243, 2023ರಲ್ಲಿ 225 ವಾರ್ಡುಗಳ ವಿಂಗಡಣೆಗಳು ಬಂದುವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಹೋಗಿ ಅದರ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಏರ್ಪಟ್ಟುವು. ಮನೆ ಕದಲಲಿಲ್ಲ, ಗೋಡೆ ಕದಲಲಿಲ್ಲ. ವಾರ್ಡಿನ ಅಂಕ ಮಾತ್ರ ಮತ್ತೆ ಮತ್ತೆ ಬದಲಾಯಿತು. ವಸ್ತುವಿನ ಹೆಸರಿನೊಳಗೆ ಬದಲಾಗತಕ್ಕ ಗುಣವೊಂದನ್ನು ಸೇರಿಸಿದರೆ, ಗುಣ ಬದಲಾದೊಡನೆ ಹಳೆಯ ಹೆಸರು ಅನಾಥವಾಗುತ್ತದೆ. ಇ-ಖಾತೆಯ ವ್ಯವಸ್ಥೆಯಲ್ಲಿ ಪ್ರತಿ ಸ್ವತ್ತಿಗೂ ಇ-ಪಿ.ಐ.ಡಿ. ಎಂಬ ಬೇರೆಯೇ ಸಂಖ್ಯೆಯನ್ನು ಕೊಟ್ಟಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆದರೆ ಜನರ ಪೆಟ್ಟಿಗೆಯಲ್ಲಿರುವ ರಸೀತಿಗಳ ಮೇಲೆ ಹಳೆಯ ಸಂಖ್ಯೆ ಹಾಗೆಯೇ ಉಳಿದಿರುತ್ತದೆ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ನಗರದ ಸ್ಥಿರಾಸ್ತಿಯ ಮಾರಾಟವನ್ನು ನೋಂದಾಯಿಸಲು ಇ-ಖಾತೆ ಕಡ್ಡಾಯವಾದುದು 2024ರ ಅಕ್ಟೋಬರಿನ ಹೊತ್ತಿಗೆ. ಗ್ರಾಮಾಂತರದ ಜಮೀನಿನ ವಿಷಯದಲ್ಲಿ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣವು, ಹಕ್ಕುದಾಖಲೆಯಲ್ಲಿರುವ ನಮೂದನ್ನು ಅದು ತಪ್ಪೆಂದು ರುಜುವಾಗುವವರೆಗೆ ಸತ್ಯವೆಂದೇ ಭಾವಿಸತಕ್ಕದ್ದೆಂದು ಹೇಳುತ್ತದೆ. ನಮೂದಿಗೆ ಇಷ್ಟು ಬೆಲೆ ಇರುವಾಗ 'ನಮೂದಿಲ್ಲ' ಎಂಬ ಮಾತಿಗೂ ಬೆಲೆಯಿರುತ್ತದೆ. ಯಂತ್ರವು ಅದನ್ನು ಹಗುರವಾಗಿ ಆಡಿದರೆ ಮದುವೆಯೋ ಶಸ್ತ್ರಚಿಕಿತ್ಸೆಯೋ ಎದುರಿಗಿದ್ದು ಮನೆ ಮಾರಲು ಹೊರಟವನ ಕೆಲಸ ನಿಲ್ಲುತ್ತದೆ.

ನಮ್ಮ ತರ್ಕಶಾಸ್ತ್ರದಲ್ಲಿ ಈ ಪ್ರಶ್ನೆ ಹಳೆಯದು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ 'ಅನುಪಲಬ್ಧಿ'ಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಸ್ವತಂತ್ರ ಪ್ರಮಾಣವೆಂದು ಒಪ್ಪಿದರು. ನೆಲದ ಮೇಲೆ ಗಡಿಗೆ ಇಲ್ಲವೆಂಬ ಜ್ಞಾನ ನಮಗೆ ಬರುವುದು ಅದು ಕಾಣದಿರುವುದರಿಂದ. ಆದರೆ ಅವರು ಒಂದು ನಿಬಂಧನೆಯನ್ನು ಹಾಕಿದರು: ಆ ಅನುಪಲಬ್ಧಿ 'ಯೋಗ್ಯ'ವಾಗಿರಬೇಕು. ಗಡಿಗೆ ಅಲ್ಲಿದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದರಿಂದ ಸಿದ್ಧವಾಗುವುದು ಕತ್ತಲೆಯೇ ಹೊರತು ಗಡಿಗೆಯ ಅಭಾವವಲ್ಲ. ದತ್ತಸಂಚಯವನ್ನು, ಎಂದರೆ ಡೇಟಾಬೇಸನ್ನು, ಹುಡುಕುವ ಕ್ರಮವಿಧಿಗೆ ಇದಕ್ಕಿಂತ ಉತ್ತಮವಾದ ನಿಯಮವನ್ನು ಈ ಲೇಖಕನು ಕಂಡಿಲ್ಲ. ಕನ್ನಡದ ವ್ಯವಹಾರಭಾಷೆಯಲ್ಲಿಯೂ 'ಇಲ್ಲ', 'ಅಲ್ಲ', 'ಕಾಣೆ', 'ಅರಿಯೆ', 'ಕೂಡದು' ಎಂಬ ನಿಷೇಧರೂಪಗಳು ಬೇರೆ ಬೇರೆಯಾಗಿಯೇ ಇವೆ. ಯಂತ್ರ 'ಕಾಣೆ' ಎನ್ನಬೇಕಾದಲ್ಲಿ 'ಇಲ್ಲ' ಎಂದುಬಿಡುವುದೇ ನಮ್ಮ ಪ್ರಸ್ತುತ ರೋಗ.

ವೈಶೇಷಿಕರು ಮಾಡಿದ ಅಭಾವದ ವಿಂಗಡಣೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನೂ ಹುಟ್ಟದಿರುವುದು ಪ್ರಾಗಭಾವ. ಇಂದು ಅರ್ಜಿ ಸಲ್ಲಿಸಿ ನಾಳೆ ಕೋಷ್ಟಕಕ್ಕೆ ಸೇರಲಿರುವ ದಾಖಲೆ ಇದಕ್ಕೆ ನಿದರ್ಶನ. ಇದ್ದು ಅಳಿದುದು ಪ್ರಧ್ವಂಸಾಭಾವ. ಎಂದೂ ಇರದುದು ಅತ್ಯಂತಾಭಾವ. ಒಂದು ಮತ್ತೊಂದಲ್ಲವೆಂಬುದು ಅನ್ಯೋನ್ಯಾಭಾವ. ದಾಖಲೆ ಸಿಕ್ಕಿತು, ಆದರೆ ಅದು ಕೇಳಿದವರದಲ್ಲ. ಹೋಲಿಕೆಯನ್ನು ಇನ್ನೂ ದೂರ ಎಳೆಯಬೇಕಾಗಿಲ್ಲ. ಅಭಾವವು ಒಂದೇ ಬಗೆಯದಲ್ಲ ಎಂಬುದಿಷ್ಟು ಮನಸ್ಸಿನಲ್ಲಿದ್ದರೆ ಸಾಕು.

ಗಣಕಶಾಸ್ತ್ರದಲ್ಲಿ ಇವೆಲ್ಲವನ್ನೂ ಒಂದೇ ಚಿಹ್ನೆಗೆ ಇಳಿಸಿದುದು 'ನಲ್' ಎಂಬ ಕಲ್ಪನೆ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಯನ್ನು ರೂಪಿಸುತ್ತಿದ್ದಾಗ ಟೋನಿ ಹೋರ್ ಅವರು, ಯಾವ ವಸ್ತುವನ್ನೂ ಸೂಚಿಸದ ಸೂಚಕವೊಂದನ್ನು ಅಳವಡಿಸುವುದು ಸುಲಭವೆಂಬ ಕಾರಣದಿಂದ ಅದನ್ನು ಸೇರಿಸಿದರು. 2009ರ ಉಪನ್ಯಾಸವೊಂದರಲ್ಲಿ ತಾವೇ ಅದನ್ನು ನೂರು ಕೋಟಿ ಡಾಲರಿನ ತಪ್ಪೆಂದು ಕರೆದುಕೊಂಡರು. ಸಂಬಂಧಾತ್ಮಕ ದತ್ತಸಂಚಯದ ಸಿದ್ಧಾಂತವನ್ನು 1970ರಲ್ಲಿ ಮಂಡಿಸಿದ ಎಡ್ಗರ್ ಕಾಡ್ ಅವರು ಮುಂದೆ 1990ರ ತಮ್ಮ ಗ್ರಂಥದಲ್ಲಿ ಒಂದೇ ನಲ್ ಸಾಲದೆಂದು ವಾದಿಸಿ, 'ಇರಬೇಕಾದುದು ತಿಳಿದಿಲ್ಲ' ಎಂಬುದಕ್ಕೊಂದು, 'ಇಲ್ಲಿ ಅನ್ವಯಿಸುವುದೇ ಇಲ್ಲ' ಎಂಬುದಕ್ಕೊಂದು, ಹೀಗೆ ಎರಡು ಗುರುತುಗಳನ್ನು ಸೂಚಿಸಿದರು. ಆದರೆ ಬಳಕೆಯಲ್ಲಿರುವ ಎಸ್.ಕ್ಯೂ.ಎಲ್. ಭಾಷೆ ಆ ಸೂಕ್ಷ್ಮತೆಯನ್ನು ಸ್ವೀಕರಿಸಲಿಲ್ಲ. ಶಾಸನಗಳನ್ನು ಸಂಪಾದಿಸಿದವರು ಈ ವಿಷಯದಲ್ಲಿ ಹೆಚ್ಚು ಎಚ್ಚರವಹಿಸಿದರು: ಅಕ್ಷರ ಸವೆದುಹೋದ ಕಡೆ ಚುಕ್ಕೆಗಳನ್ನಿಟ್ಟು, ಶಾಸನ ಅಲ್ಲಿಗೇ ಮುಗಿದಿಲ್ಲವೆಂದು ಓದುಗನಿಗೆ ತಿಳಿಸಿದರು. ಕರ್ನಾಟಕದ ಪಹಣಿಗಳಲ್ಲಿಯೂ ಸರ್ವೆ ಸಂಖ್ಯೆಗೂ ಹಿಸ್ಸಾ ಸಂಖ್ಯೆಗೂ ನಡುವಿನ 'ಸರ್ನೋಕ್' ಎಂಬ ಸ್ಥಾನದಲ್ಲಿ ಅನೇಕ ವೇಳೆ ನಕ್ಷತ್ರದ ಗುರುತು ಕಾಣುವುದುಂಟು. ಖಾಲಿ ಬಿಟ್ಟುದು ಮರೆವಿನಿಂದಲ್ಲವೆಂಬುದು ಅದರಿಂದ ಗೊತ್ತಾಗುತ್ತದೆ.

ಇನ್ನು ಕ್ರಮವಿಧಿಯ ಒಳಗೆ ಪ್ರವೇಶಿಸೋಣ. ಸಂಖ್ಯೆಯೊಂದನ್ನು ಕೊಟ್ಟು ದಾಖಲೆಯನ್ನು ತರಿಸಿಕೊಳ್ಳುವ ಕ್ರಿಯೆಗೆ ಎರಡು ರೀತಿಗಳಿವೆ. ಮೊದಲನೆಯ ರೀತಿಯಲ್ಲಿ, ದಾಖಲೆ ಸಿಗದಿದ್ದರೆ ನಲ್ ಹಿಂದಿರುಗುತ್ತದೆ. ಎರಡನೆಯ ರೀತಿಯಲ್ಲಿ, ಸಾಮಾನ್ಯ ಹರಿವು ಅಲ್ಲಿಯೇ ಕಡಿದು 'ಎಕ್ಸೆಪ್ಷನ್' ಎಂಬುದು ಏಳುತ್ತದೆ. ವ್ಯಾಕರಣದ 'ಅಪವಾದ' ಎಂಬ ಪದ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ರೂಬಿ ಭಾಷೆಯ ರೈಲ್ಸ್ ಚೌಕಟ್ಟಿನಲ್ಲಿ 'ಫೈಂಡ್' ಎಂಬುದು ಅಪವಾದವನ್ನೆಬ್ಬಿಸುತ್ತದೆ, 'ಫೈಂಡ್ ಬೈ' ಎಂಬುದು ನಲ್ಲಿಗೆ ಸಮನಾದ 'ನಿಲ್' ಅನ್ನು ಕೊಡುತ್ತದೆ. ಪೈಥಾನ್ ಭಾಷೆಯ ಜ್ಯಾಂಗೊ ಚೌಕಟ್ಟಿನ 'ಗೆಟ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾಖಲೆ ಒಂದೂ ಸಿಗದಿದ್ದರೆ ಒಂದು ಅಪವಾದವನ್ನೂ ಒಂದಕ್ಕಿಂತ ಹೆಚ್ಚು ಸಿಕ್ಕರೆ ಬೇರೊಂದು ಅಪವಾದವನ್ನೂ ಎಬ್ಬಿಸುತ್ತದೆ. ಎರಡು ಸಿಕ್ಕುದೂ ಒಂದು ದೋಷವೆಂಬುದನ್ನು ಅನೇಕರು ಮರೆತು, ಸಿಕ್ಕ ಮೊದಲನೆಯದನ್ನು ತೆಗೆದುಕೊಂಡು ಮುಂದೆ ನಡೆಯುತ್ತಾರೆ. ಅವರು ತೋರಿಸುತ್ತಿರುವುದು ನೆರೆಮನೆಯವರ ಕಂದಾಯವಾಗಿರಬಹುದು.

ಎರಡು ರೀತಿಗಳಲ್ಲಿ ಯಾವುದು ಮೇಲು? ದಾಖಲೆ ಇರಲೇಬೇಕಾದ ಕಡೆ ಅಪವಾದ, ಇಲ್ಲದಿರುವುದೂ ಸಹಜವಾದ ಕಡೆ ನಲ್ ಎಂಬುದು ನಮ್ಮ ಅಭಿಪ್ರಾಯ. ಗೃಹಸ್ಥರು ತಮ್ಮ ಸಂಖ್ಯೆಯ ಪುಟವನ್ನು ತೆರೆದಾಗ ದಾಖಲೆಯಿಲ್ಲದೆ ಆ ಪುಟಕ್ಕೆ ಅರ್ಥವೇ ಇಲ್ಲ. ಅಲ್ಲಿ ಹರಿವು ನಿಲ್ಲುವುದೇ ಸರಿ. ಆದರೆ ಸ್ವತ್ತಿಗೆ ಛಾಯಾಚಿತ್ರವಿದೆಯೆ ಎಂದು ನೋಡುವಾಗ ಅದು ಇಲ್ಲದಿರುವುದು ಸಾಮಾನ್ಯ ಸಂಗತಿ. ನಲ್ಲಿನ ಅಪಾಯವೆಂದರೆ ಅದು ಮೌನವಾಗಿ ದೂರ ಪ್ರಯಾಣ ಮಾಡುತ್ತದೆ. ಹತ್ತನೆಯ ಸಾಲಿನಲ್ಲಿ ಸಿಗದ ದಾಖಲೆಯ ಪರಿಣಾಮ ನಾನೂರನೆಯ ಸಾಲಿನಲ್ಲಿ, 'ಮಾಲೀಕರ ಹೆಸರು ಕೊಡು' ಎಂದು ನಲ್ಲನ್ನು ಕೇಳಿದಾಗ, ಸ್ಫೋಟವಾಗಿ ಕಾಣಿಸಿಕೊಳ್ಳುತ್ತದೆ. ಆಗ ತೆರೆಯ ಮೇಲೆ ಬರುವುದು 500ರ ದೋಷ: ಸರ್ವರಿನೊಳಗಿನ ತಪ್ಪು. ಬಳಕೆದಾರನ ಸಂಖ್ಯೆಯಲ್ಲಿದ್ದ ಒಂದಂಕಿಯ ವ್ಯತ್ಯಾಸವು ಯಂತ್ರದ ಕುಸಿತದ ವೇಷ ತಾಳಿತು.

ಇದರ ವಿಪರೀತವಾದ ತಪ್ಪು ಇನ್ನೂ ಕೆಟ್ಟದು, ಇನ್ನೂ ಸಾಮಾನ್ಯವಾದದ್ದು. ಕುಸಿತಕ್ಕೆ ಹೆದರಿದ ಕ್ರಮವಿಧಿಕಾರನು ಹುಡುಕುವ ಸಾಲಿನ ಸುತ್ತ ಬಲೆಯೊಂದನ್ನು ಕಟ್ಟಿ, 'ಯಾವುದೇ ಅಪವಾದ ಬಂದರೂ ದಾಖಲೆ ಇಲ್ಲವೆಂದು ಹೇಳು' ಎಂದು ಬರೆಯುತ್ತಾನೆ. ಆ ಬಲೆಯಲ್ಲಿ ದೊರೆಯದ ದಾಖಲೆಯ ಅಪವಾದ ಮಾತ್ರವಲ್ಲದೆ, ದತ್ತಸಂಚಯದೊಡನೆ ಸಂಪರ್ಕ ಕಡಿದುದು, ಉತ್ತರ ಬರುವಷ್ಟರಲ್ಲಿ ಅವಧಿ ಮೀರಿದುದು, ಕೋಷ್ಟಕದ ಹೆಸರು ತಪ್ಪಿದುದು, ಎಲ್ಲವೂ ಬೀಳುತ್ತವೆ. ಕತ್ತಲೆಯ ಕೋಣೆಯಲ್ಲಿ ನಿಂತು ಗಡಿಗೆ ಇಲ್ಲವೆಂದು ಪ್ರಮಾಣ ಮಾಡುವುದು ಇದೇ. ಮೊದಲಿನ ತಪ್ಪಿನಲ್ಲಿ ಯಂತ್ರ ತನ್ನನ್ನು ತಾನು ನಿಂದಿಸಿಕೊಂಡಿತು. ಇಲ್ಲಿ ಅದು ನಾಗರಿಕನಿಗೆ ಸುಳ್ಳು ಹೇಳಿತು. ಆದುದರಿಂದ ಬಲೆಯ ಕಣ್ಣು ಕಿರಿದಾಗಿರಬೇಕು. 'ದೊರೆಯಲಿಲ್ಲ' ಎಂಬ ಒಂದೇ ಅಪವಾದವನ್ನು ಹೆಸರಿಟ್ಟು ಹಿಡಿಯಬೇಕು, ಉಳಿದುವನ್ನು ಮೇಲಕ್ಕೆ ಹೋಗಗೊಡಬೇಕು. ಜ್ಯಾಂಗೊದಲ್ಲಿರುವ 'ಗೆಟ್ ಆಬ್ಜೆಕ್ಟ್ ಆರ್ 404' ಎಂಬ ಚಿಕ್ಕ ಉಪಾಯವು ಮಾಡುವುದು ಇಷ್ಟನ್ನೇ.

404 ಎಂಬುದು ಎಚ್.ಟಿ.ಟಿ.ಪಿ. ವಿಧಾನದ ಸ್ಥಿತಿಸಂಖ್ಯೆಗಳಲ್ಲಿ ಒಂದು. ಬ್ರೌಸರಿಗೆ ಪುಟದ ಜೊತೆಯಲ್ಲಿ ಸರ್ವರು ಕಳುಹಿಸುವ ಈ ಮೂರಂಕಿಯ ಮಾತಿನಲ್ಲಿ, ಮೊದಲು ಹೇಳಿದ ಐದು ಉತ್ತರಗಳಿಗೂ ಸ್ಥಳವಿದೆ. 404 ಎಂದರೆ ದೊರೆಯಲಿಲ್ಲ; ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಅದು ಹೇಳುವುದಿಲ್ಲ. 410 ಎಂದರೆ ಇತ್ತು, ತೆಗೆಯಲಾಗಿದೆ, ಮತ್ತೆ ಬರುವ ನಿರೀಕ್ಷೆಯಿಲ್ಲ. 301 ಎಂದರೆ ಶಾಶ್ವತವಾಗಿ ಬೇರೆಡೆಗೆ ಹೋಗಿದೆ, ವಿಳಾಸ ಇಲ್ಲಿದೆ. 403 ಎಂದರೆ ತಮಗೆ ಅನುಮತಿಯಿಲ್ಲ. 503 ಎಂದರೆ ಸೇವೆ ಸದ್ಯಕ್ಕೆ ದೊರೆಯದು; ಎಷ್ಟು ಹೊತ್ತಿನ ಬಳಿಕ ಮತ್ತೆ ಪ್ರಯತ್ನಿಸಬೇಕೆಂಬುದನ್ನೂ ಅದರೊಡನೆ ತಿಳಿಸಬಹುದು. 'ಇದೆ, ಆದರೆ ತೋರಿಸೆನು' ಎಂಬುದೇ ಒಂದು ಗುಟ್ಟನ್ನು ಹೊರಗೆಡಹುವಂತಿದ್ದರೆ 403ರ ಬದಲು 404 ಹೇಳಲು ವಿಧಾನವು ಅವಕಾಶ ಕೊಟ್ಟಿದೆ. ಒಬ್ಬ ರೋಗಿಯ ದಾಖಲೆ ಆಸ್ಪತ್ರೆಯಲ್ಲಿದೆಯೆಂಬುದು ಸಹ ಪರರಿಗೆ ತಿಳಿಯಬಾರದು. ಇದು ಬುದ್ಧಿಪೂರ್ವಕವಾಗಿ ಮಾಡುವ ಆಯ್ಕೆ, ಮರೆವಿನ ಫಲವಲ್ಲ. 'ದಾಖಲೆ ಇಲ್ಲ' ಎಂದು ಪುಟದ ಮೇಲೆ ಬರೆದು, ಸ್ಥಿತಿಸಂಖ್ಯೆಯನ್ನು ಮಾತ್ರ ಯಶಸ್ಸನ್ನು ಸೂಚಿಸುವ 200 ಎಂದು ಕಳುಹಿಸುವ ಜಾಲತಾಣಗಳೂ ಹಲವಿವೆ. ಮನುಷ್ಯನಿಗೊಂದು, ಯಂತ್ರಕ್ಕೊಂದು ಹೇಳುವ ಈ ಅಭ್ಯಾಸದಿಂದ ಶೋಧಯಂತ್ರಗಳು ಆ ಖಾಲಿ ಪುಟವನ್ನು ನಿಜವಾದ ಪುಟವೆಂದು ಎಣಿಸುವ ಸಂಭವವುಂಟು.

301ರ ಉಪಯೋಗ ತೋರುವಷ್ಟು ಸರಳವಲ್ಲ. 'ಭೂಮಿ' ಯೋಜನೆಯಲ್ಲಿ ಈ ಶತಮಾನದ ಆರಂಭದ ವೇಳೆಗೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದುವು. ಅವುಗಳಲ್ಲಿ ಸರ್ವೆ ಸಂಖ್ಯೆ 45ರ ಜಮೀನು ಅಣ್ಣತಮ್ಮಂದಿರಿಗೆ ಪಾಲಾಗಿ, ಪೋಡಿ ನಡೆದು, 45/1 ಮತ್ತು 45/2 ಎಂದಾಯಿತೆನ್ನೋಣ. ಹಳೆಯ ಪತ್ರವನ್ನು ಹಿಡಿದು 45 ಎಂದಷ್ಟೇ ಹುಡುಕಿದವನಿಗೆ ಏನು ಹೇಳಬೇಕು? ಇಲ್ಲವೆನ್ನುವುದು ತಪ್ಪು. 45/1ಕ್ಕೆ ನೇರವಾಗಿ ಕಳುಹಿಸುವುದು ತಮ್ಮನಿಗೆ ಮಾಡುವ ಅನ್ಯಾಯ. ಇಂಥಲ್ಲಿ ತಿರುಗುವಿಳಾಸ ಸಲ್ಲದು. 'ಈ ಸಂಖ್ಯೆ ಇಂತಹ ದಿನದ ಆದೇಶದಂತೆ ಎರಡಾಗಿದೆ' ಎಂದು ತಿಳಿಸಿ ಎರಡನ್ನೂ ತೋರಿಸುವ ಪುಟವೇ ಬೇಕು. ಅದಕ್ಕಾಗಿ ದತ್ತಸಂಚಯದಲ್ಲಿ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಬದಲಾದ ದಿನಾಂಕ, ಆಧಾರವಾದ ಆದೇಶ ಇವುಗಳ ಪ್ರತ್ಯೇಕ ಕೋಷ್ಟಕವೊಂದು ಇರತಕ್ಕದ್ದು, ಮತ್ತು ಅದರಿಂದ ಒಂದು ಸಾಲನ್ನೂ ಎಂದಿಗೂ ಅಳಿಸಕೂಡದು. ಹನುಮಂತನಗರದ ಹಳೆಯ ಪಿ.ಐ.ಡಿ.ಗೂ ಇದೇ ಚಿಕಿತ್ಸೆ. ಅಳಿಸುವ ಬದಲು 'ರದ್ದಾದ ದಿನ' ಎಂಬ ಅಂಕಣದಲ್ಲಿ ತಾರೀಖು ಬರೆದಿಡುವ ಪದ್ಧತಿಯೂ ಇದರ ಜಾತಿಯದೇ. ಆದರೆ ಪ್ರತಿಯೊಂದು ಪ್ರಶ್ನೆಯಲ್ಲಿಯೂ 'ರದ್ದಾಗದವು ಮಾತ್ರ' ಎಂದು ಸೇರಿಸಲು ಮರೆತರೆ ಸತ್ತವರು ಪಟ್ಟಿಯಲ್ಲಿ ಎದ್ದು ಬರುತ್ತಾರೆ.

ಒಂದೊಂದಾಗಿ ಹುಡುಕುವಾಗ ಅಭಾವವು ಕಡೆಗೆ ಏನಾದರೂ ಸದ್ದು ಮಾಡುತ್ತದೆ. ಪಟ್ಟಿಗಳಲ್ಲಿ ಅದು ಸದ್ದೇ ಮಾಡುವುದಿಲ್ಲ. ಸ್ವತ್ತುಗಳ ಕೋಷ್ಟಕವನ್ನೂ ಈ ವರ್ಷದ ಕಂದಾಯ ಪಾವತಿಗಳ ಕೋಷ್ಟಕವನ್ನೂ ಸೇರಿಸಿ ಬಾಕಿದಾರರ ಪಟ್ಟಿಯನ್ನು ತಯಾರಿಸಬೇಕಾಗಿದೆಯೆನ್ನಿ. 'ಇನ್ನರ್ ಜಾಯಿನ್' ಎಂಬ ಸಾಮಾನ್ಯ ಜೋಡಣೆಯು ಎರಡು ಕಡೆಯೂ ಸಾಲು ಇರುವವರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಂದು ಕಂತನ್ನೂ ಕಟ್ಟದವನಿಗೆ ಪಾವತಿಯ ಸಾಲೇ ಇಲ್ಲವಾದುದರಿಂದ ಅವನು ಪಟ್ಟಿಯಿಂದ ಮಾಯವಾಗುತ್ತಾನೆ. ನಾವು ಹುಡುಕುತ್ತಿದ್ದುದು ಅವನನ್ನೇ! ಇಲ್ಲಿ 'ಲೆಫ್ಟ್ ಜಾಯಿನ್' ಬೇಕು: ಎಡಗಡೆಯ ಸ್ವತ್ತುಗಳೆಲ್ಲ ಉಳಿದು, ಬಲಗಡೆ ಇಲ್ಲದಿದ್ದರೆ ನಲ್ ಬರುತ್ತದೆ. ಹಾಗೆ ಬಂದ ನಲ್ಲುಗಳೂ ಸುಮ್ಮನಿರುವುದಿಲ್ಲ. ಎಸ್.ಕ್ಯೂ.ಎಲ್. ತರ್ಕದಲ್ಲಿ ನಲ್ಲಿಗೆ ನಲ್ ಸಮವೆ ಎಂದು ಕೇಳಿದರೆ 'ಹೌದು' ಎಂಬ ಉತ್ತರವಾಗಲಿ 'ಅಲ್ಲ' ಎಂಬುದಾಗಲಿ ಬರದೆ 'ತಿಳಿಯದು' ಎಂಬ ಮೂರನೆಯ ಉತ್ತರ ಬರುತ್ತದೆ. ಒಂದು ಸಾಲೂ ಇಲ್ಲದ ಮೊತ್ತವು ಸೊನ್ನೆಯಾಗದೆ ನಲ್ ಆಗುತ್ತದೆ. 'ಈ ಪಟ್ಟಿಯಲ್ಲಿಲ್ಲದವರು' ಎಂದು ಕೇಳುವಾಗ ಆ ಪಟ್ಟಿಯಲ್ಲಿ ಒಂದೇ ಒಂದು ನಲ್ ಸೇರಿದ್ದರೂ ಉತ್ತರ ಬರಿದಾಗುತ್ತದೆ. ವಿದ್ಯಾರ್ಥಿಗಳು ಈ ಮೂರನ್ನೂ ಸ್ವಂತ ಕೈಯಿಂದ ಪ್ರಯೋಗಿಸಿ ನೋಡಬೇಕು; ಓದಿ ನಂಬುವುದು ಕಷ್ಟ.

ನಲ್ಲಿನ ಉಪದ್ರವವನ್ನು ತಪ್ಪಿಸಲು, ಸಿಗದ ದಾಖಲೆಯ ಸ್ಥಾನದಲ್ಲಿ ಖಾಲಿ ಮೌಲ್ಯಗಳಿಂದ ತುಂಬಿದ ಕೃತಕ ದಾಖಲೆಯೊಂದನ್ನು ಕೊಡುವ ರೂಢಿಯೂ ಉಂಟು. ಛಾಯಾಚಿತ್ರದ ಬದಲು ಬೂದುಬಣ್ಣದ ಆಕೃತಿಯನ್ನು ತೋರಿಸುವಲ್ಲಿ ಇದು ನಿರಪಾಯಕರ. ಕಂದಾಯದ ಬಾಕಿಯ ಬದಲು '0 ರೂಪಾಯಿ' ಎಂದು ತೋರಿಸುವಲ್ಲಿ ಇದು ವಂಚನೆ; ಗೃಹಸ್ಥರು ನೆಮ್ಮದಿಯಿಂದ ಮನೆಗೆ ಹೋಗಿ, ವರ್ಷದ ಬಳಿಕ ಬಡ್ಡಿಯೊಡನೆ ನೋಟೀಸು ಪಡೆಯುತ್ತಾರೆ.

ಕನ್ನಡದಲ್ಲಿ ಹುಡುಕುವವರಿಗೆ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇಂಗ್ಲಿಷಿನ ಪಠ್ಯಪುಸ್ತಕಗಳಲ್ಲಿ ಅದು ದೊರೆಯುವುದಿಲ್ಲ. ಯೂನಿಕೋಡಿನಲ್ಲಿ 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಚಿಹ್ನೆ ಮತ್ತು ದೀರ್ಘ ಉಕಾರದ ಚಿಹ್ನೆ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. 'ಗೋ', 'ಕೇ' ಮುಂತಾದ ದೀರ್ಘಗಳಲ್ಲಿಯೂ ಇದೇ ಕಥೆ. 'ಗೋಪಾಲ' ಎಂಬ ಹೆಸರನ್ನು ಒಂದು ರೀತಿಯಲ್ಲಿ ನಮೂದಿಸಿ ಇನ್ನೊಂದು ರೀತಿಯಲ್ಲಿ ಹುಡುಕಿದರೆ ದಾಖಲೆ ಇದ್ದೂ ದೊರೆಯದೆ ಹೋಗಬಹುದು. ಬರೆಯುವಾಗಲೂ ಹುಡುಕುವಾಗಲೂ ಎನ್.ಎಫ್.ಸಿ. ಎಂಬ ಏಕರೂಪಕ್ಕೆ ತಂದುಕೊಂಡರೆ ಈ ಭಾಗ ಪರಿಹಾರವಾಗುತ್ತದೆ. ಕಣ್ಣಿಗೆ ಕಾಣದ ಶೂನ್ಯಾಗಲದ ಜೋಡಕಗಳನ್ನು ಮಾತ್ರ ಅದು ತೆಗೆಯುವುದಿಲ್ಲ. ಅವನ್ನು ನಾವೇ ಸೋಸಬೇಕು. ೧೫೫ ಎಂದು ಕನ್ನಡ ಅಂಕಿಗಳಲ್ಲಿ ಬರೆದವನೂ 155 ಎಂದು ಬರೆದವನೂ ಒಂದೇ ವಾರ್ಡನ್ನು ಕೇಳುತ್ತಿದ್ದಾರೆ. 'ಹನುಮಂತನಗರ', 'ಹನುಮಂತ ನಗರ' ಎರಡೂ ಒಂದೇ ಊರು. ಇವುಗಳನ್ನು ಒಂದಾಗಿಸದೆ ನಡೆಸಿದ ಅನ್ವೇಷಣೆ ಮೀಮಾಂಸಕರ ಅರ್ಥದಲ್ಲಿ ಯೋಗ್ಯವಾದದ್ದಲ್ಲ.

ತೆರೆಯ ಮೇಲೆ ಬರೆಯುವ ವಾಕ್ಯವನ್ನೂ ಕ್ರಮವಿಧಿಯ ಭಾಗವೆಂದೇ ತಿಳಿಯಬೇಕು. ಕೇಳಿದ ಸಂಖ್ಯೆಯನ್ನು ಮತ್ತೆ ತೋರಿಸಿ, 'ಈ ಸಂಖ್ಯೆಯ ದಾಖಲೆ ನಮ್ಮ ಪಟ್ಟಿಯಲ್ಲಿ ದೊರೆಯಲಿಲ್ಲ. ಇದು 2010ಕ್ಕೆ ಹಿಂದಿನ ಸಂಖ್ಯೆಯಾಗಿದ್ದರೆ ಇಲ್ಲಿ ಹುಡುಕಿರಿ' ಎಂದರೆ ಮುಂದಿನ ಹೆಜ್ಜೆ ತಿಳಿಯುತ್ತದೆ. ತೆರೆಯ ಮೇಲಿನ ಮಾತು ಸ್ವತ್ತಿನ ಬಗೆಗಿನ ತೀರ್ಪಾಗಬಾರದು, ಅನ್ವೇಷಣೆಯ ವರದಿಯಾಗಿರಬೇಕು. ನಮೂನೆಯಲ್ಲಿ ತುಂಬಿದ್ದನ್ನೆಲ್ಲ ಅಳಿಸಿ ಮೊದಲ ಪುಟಕ್ಕೆ ತಳ್ಳುವ ಜಾಲತಾಣಗಳು ಈ ವರದಿಯನ್ನು ಕೊಡಲಾರವು.

ಕೊನೆಯದಾಗಿ ಪರೀಕ್ಷೆಯ ವಿಷಯ. ವಿದ್ಯಾರ್ಥಿಗಳ ಯೋಜನಾಕಾರ್ಯಗಳಲ್ಲಿ ಸಾಮಾನ್ಯವಾಗಿ ದಾಖಲೆ ಇರುವ ಸಂಖ್ಯೆಗಳಿಂದಲೇ ಪರೀಕ್ಷೆ ನಡೆಯುತ್ತದೆ. ಎಂದೂ ಇಲ್ಲದ ಸಂಖ್ಯೆ, ರದ್ದಾದ ಸಂಖ್ಯೆ, ಎರಡಾದ ಸಂಖ್ಯೆ, ಪರರ ಸಂಖ್ಯೆ, ಅಂಕಿಯೇ ಅಲ್ಲದ ಬರಹ ಇವುಗಳಿಂದಲೂ, ದತ್ತಸಂಚಯವನ್ನು ಬೇಕೆಂದೇ ನಿಲ್ಲಿಸಿದ ಸ್ಥಿತಿಯಲ್ಲಿಯೂ ಆ ಪುಟವನ್ನು ತೆರೆದು ನೋಡಬೇಕು. ಆರು ಪ್ರಯೋಗಗಳಲ್ಲಿಯೂ ಒಂದೇ ವಾಕ್ಯ ಬಂದರೆ ಕ್ರಮವಿಧಿ ಇನ್ನೂ ಮುಗಿದಿಲ್ಲ. ಬಳಕೆಗೆ ಬಂದ ಮೇಲೆ ಸರ್ವರಿನ ದಿನಚರಿಯಲ್ಲಿ 404ಗಳನ್ನು ಎರಡು ರಾಶಿ ಮಾಡಿ ಎಣಿಸುವುದು ಒಳ್ಳೆಯದು: ಹೊರಗಿನಿಂದ ನೇರವಾಗಿ ಬಂದುವು ಒಂದು, ನಮ್ಮದೇ ಪುಟದ ಕೊಂಡಿಯನ್ನೊತ್ತಿ ಬಂದುವು ಇನ್ನೊಂದು. ಎರಡನೆಯ ರಾಶಿಯಲ್ಲಿರುವ ಪ್ರತಿಯೊಂದೂ, ನಾವೇ ಪಟ್ಟಿಯಲ್ಲಿ ತೋರಿಸಿ ಬಳಿಕ ಇಲ್ಲವೆಂದ ದಾಖಲೆ. ಪಟ್ಟಿ ತೋರಿಸಿದುದಕ್ಕೂ ಕೊಂಡಿ ಒತ್ತಿದುದಕ್ಕೂ ನಡುವೆ ಯಾರಾದರೂ ಅದನ್ನು ಅಳಿಸಿರಬಹುದು. ಅಂಥವು ಕೆಲವೇ ಇರುತ್ತವೆ. ಉಳಿದುವನ್ನು ಒಂದೊಂದಾಗಿ ತೆರೆದು ಕಾರಣವನ್ನು ಹುಡುಕಬೇಕಾಗುತ್ತದೆ.